ಹೊಳೆಯವಳ ಮಗಳು ಮಾರ್ಸಲಿ

ನನ್ನ ಚಿಕ್ಕಮ್ಮ ಮಾರ್ಸಲಿಯನ್ನು ನಮ್ಮೂರಿನವರು ಬೆನ್ನ ಹಿಂದೆ ‘ಹೊಳೆಯವಳ ಮಗಳು’ ಎಂದು ಕರೆಯುತ್ತಿದ್ದರು. ಎದುರಿಗೆ ಹಾಗೆನ್ನುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೈಯಲ್ಲಿ ಬಟ್ಟೆ ಬಡಿಯುವ ಮರದ ಕೊರಡು ಇರುತ್ತಿತ್ತು. ಅದೇ ಕೋಪ ಈ ಕಿರ್ಸ್ಟಿಗೂ ಬಂದಿದೆ ಎಂದು ಜನ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೇರೆ ಆಸ್ತಿಯಂತೂ ನಮ್ಮ ಮನೆತನದಲ್ಲಿ ಯಾರೂ ಬಿಟ್ಟು ಹೋಗಲಿಲ್ಲ.

ಹೊಳೆಯವಳು ಯಾರೆಂದು ಈಗಿನ ಹುಡುಗರಿಗೆ ಹೇಳಿದರೆ ಹಲ್ಲು ಕಿರಿಯುತ್ತಾರೆ. ನಮ್ಮೂರು ಇರುವುದೇ ಒಂದು ದ್ವೀಪದಲ್ಲಿ, ನಮ್ಮ ಹೊಳೆ ಸಮುದ್ರ ಸೇರುವಲ್ಲಿ ಒಂದು ಕಡವು ಇದೆ. ಸಮುದ್ರ ಇಳಿದಾಗ ಮೊಣಕಾಲುದ್ದ ನೀರಿನಲ್ಲಿ ನಡೆದು ಆಚೆಯ ಪುಟ್ಟ ದ್ವೀಪಕ್ಕೆ ಹೋಗಬಹುದು. ನಮ್ಮ ಸ್ಮಶಾನ ಇರುವುದು ಅಲ್ಲೇ. ಆ ಕಡವಿನಲ್ಲಿ ಬೆಳಗಿನ ಮಂಜಿನ ಹೊತ್ತು ಹಸಿರು ಬಟ್ಟೆ ತೊಟ್ಟ, ಬಾತುಕೋಳಿಯ ಪಾದದ ಹೆಂಗಸೊಬ್ಬಳು ಕೂತು ಬಟ್ಟೆ ಒಗೆಯುತ್ತಾಳೆ. ಅವಳು ಒಗೆಯುವುದು ಇನ್ನೇನು ಸಾಯಲಿರುವವರ ಹೆಣದ ಬಟ್ಟೆ. ಅವಳು ನಿಮ್ಮನ್ನು ಮೊದಲು ನೋಡಿದರೆ ನಿಮ್ಮ ಕಾಲಿನ ಬಲ ಅಲ್ಲೇ ಉಡುಗಿಹೋಗುತ್ತದೆ. ನೀವೇ ಮೊದಲು ನೋಡಿ, ಸದ್ದಿಲ್ಲದೆ ಹೋಗಿ ಅವಳಿಗೂ ನೀರಿಗೂ ನಡುವೆ ನಿಂತರೆ, ಮೂರು ಪ್ರಶ್ನೆಗೆ ಅವಳು ಉತ್ತರ ಕೊಡಲೇಬೇಕು. ಗುಡ್ಡದ ಕಡೆಯವರಿಗೆ ಬೇರೆ ಥರದ ಹಸಿರು ಲಂಗದವರಿದ್ದಾರೆ. ಬೇಟೆಗೆ ಹೋದ ಗಂಡಸರ ಜೊತೆ ಕುಣಿದು, ಬೆಳಗಾಗುವಷ್ಟರಲ್ಲಿ ರಕ್ತ ಹೀರಿಬಿಡುತ್ತಾರಂತೆ. ಮನೆಯಲ್ಲಿ ಹೆಂಡತಿಯನ್ನು ಬಿಟ್ಟು ಗುಡ್ಡದಲ್ಲಿ ಕುಣಿಯಲು ಹೋದವರ ಗತಿ ಕಟ್ಟಿಕೊಂಡು ನನಗೇನಾಗಬೇಕು? ನಮ್ಮ ಹೊಳೆಯವಳು ಹಾಗಲ್ಲ. ಅವಳು ನಮ್ಮ ಮನೆಗಳಿಂದಲೇ ಹೋದವಳು.

ಹೇಗೆಂದರೆ, ಹೆರಿಗೆಯಲ್ಲಿ ಸತ್ತ ಹೆಂಗಸಿನ ಬಟ್ಟೆಗಳಲ್ಲಿ ಒಂದೇ ಒಂದು ಒಗೆಯದೆ ಉಳಿದರೂ ಸಾಕು, ಆ ಕೆಲಸ ಮುಗಿಸಲು ಅವಳು ಕಡವಿಗೆ ಬಂದು ಕೂರಬೇಕು. ಒಂದು ದಿನ ಎರಡು ದಿನವಲ್ಲ. ಹೆರಿಗೆ ಅವಳನ್ನು ಒಯ್ಯದಿದ್ದರೆ ಅವಳ ಆಯಸ್ಸು ಎಷ್ಟಿತ್ತೋ ಅಷ್ಟು ವರ್ಷ. ಆದ್ದರಿಂದ ಊರ ಹೆಂಗಸರೆಲ್ಲ ಸೇರಿ, ಹೆಣದ ಪೆಟ್ಟಿಗೆಯ ಮೇಲೆ ಮಣ್ಣು ಬೀಳುವ ಮೊದಲು ಅವಳ ಕಾಲುಚೀಲದಿಂದ ಕಂಬಳಿಯವರೆಗೆ ಎಲ್ಲವನ್ನೂ ಒಗೆದು ಹಾಕಬೇಕು. ಇದೆಲ್ಲ ಮೂಢನಂಬಿಕೆ ಎಂದು ನಮ್ಮ ಪಾದ್ರಿ ವರ್ಷಕ್ಕೆರಡು ಬಾರಿ ಗಂಟಲು ಹರಿದುಕೊಳ್ಳುತ್ತಿದ್ದ. ಅವನ ಸ್ವಂತ ಹೆಂಡತಿ ಬಾಣಂತಿಯಾಗಿ ಸತ್ತಾಗ ಅವಳ ಬಟ್ಟೆಯನ್ನೆಲ್ಲ ಗಾಡಿಯಲ್ಲಿ ತುಂಬಿಸಿ ನಮ್ಮ ಕಡೆ ಕಳಿಸಿ, ತಾನು ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. ಆವತ್ತಿನಿಂದ ನನಗೆ ಆ ಪಾದ್ರಿಯ ಮೇಲೆ ಸ್ವಲ್ಪ ಪ್ರೀತಿ ಬಂತು.

ನನ್ನ ಅಜ್ಜಿ ಸತ್ತದ್ದು ಮಾರ್ಸಲಿಯನ್ನು ಹೆತ್ತು. ಹೆಂಗಸರು ಎಲ್ಲ ಒಗೆದರು. ಎಲ್ಲ ಎಂದುಕೊಂಡರು. ವರ್ಷದ ಮೇಲೆ ಓಟ್ಸ್ ಹಿಟ್ಟಿನ ಪೆಟ್ಟಿಗೆ ಸರಿಸಿದಾಗ ಅದರ ಹಿಂದೆ ಬಿದ್ದಿದ್ದ, ಅಜ್ಜಿ ಅಡುಗೆಗೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಸಿಕ್ಕಿತು, ಹಿಟ್ಟಿನ ಕೈ ಒರೆಸಿದ ಗುರುತು ಹಾಗೇ ಇತ್ತು. ಅಷ್ಟು ಸಾಕಾಯಿತು. ಊರ ಬಾಯಿಗೆ ಮುಚ್ಚಳ ಉಂಟೇ? ನನ್ನ ಅಮ್ಮನಿಗೆ ಆಗ ಹತ್ತು ವರ್ಷ, ಅವಳನ್ನು ಯಾರೂ ಏನೂ ಅನ್ನಲಿಲ್ಲ. ಹುಟ್ಟಿದ್ದೇ ತಪ್ಪಾದದ್ದು ಮಾರ್ಸಲಿಗೆ. ಶಾಲೆಯ ದಾರಿಯಲ್ಲಿ ಮಕ್ಕಳು ಕೇಳುತ್ತಿದ್ದರಂತೆ: “ಏ ಮಾರ್ಸಲಿ, ನಿಮ್ಮಮ್ಮ ಇವತ್ತು ಯಾರ ಬಟ್ಟೆ ಒಗೀತಿದ್ಲೇ? ನಮ್ಮಜ್ಜಂದಾ?” ಊರಲ್ಲಿ ಯಾರಾದರೂ ಸತ್ತರೆ ದೊಡ್ಡವರೂ ಅವಳತ್ತ ಒಂದು ಕಣ್ಣು ಹಾಯಿಸುತ್ತಿದ್ದರು.

ದೊಡ್ಡವಳಾದ ಮೇಲೆ ಅವಳು ಹೆರಿಂಗ್ ಮೀನಿನ ಹಿಂದೆ ಹೋದಳು. ದೋಣಿಗಳು ಬಂದರಿನಿಂದ ಬಂದರಿಗೆ ಹೋದಂತೆ ನಮ್ಮ ದ್ವೀಪದ ಹುಡುಗಿಯರೂ ಹೋಗಿ ಮೀನಿನ ಕರುಳು ತೆಗೆದು ಉಪ್ಪು ಹಾಕುವ ಕೆಲಸ ಅದು. ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡರೂ ಗಾಯಕ್ಕೆ ಉಪ್ಪು ಇಳಿಯುತ್ತಿತ್ತು. ಅಲ್ಲಿ ಒಬ್ಬ ಪೀಪಾಯಿ ಮಾಡುವವನು ಅವಳನ್ನು ಮದುವೆಯಾಗುತ್ತೇನೆ ಎಂದಿದ್ದ. ನಮ್ಮೂರ ಹುಡುಗಿಯೊಬ್ಬಳು ಹೊಳೆಯವಳ ವಿಷಯ ಅವನ ಕಿವಿಗೆ ಹಾಕಿದಳು. ಅವನು ಕಾಲಿಗೆ ಬುದ್ಧಿ ಹೇಳಿದ. “ಹೋದ್ರೆ ಹೋಗ್ಲಿ ಬಿಡೇ, ಅವನ ಬಾಯಿ ವಾಸ್ನೆ ಬರ್ತಿತ್ತು” ಎಂದು ಚಿಕ್ಕಮ್ಮ ನನಗೆ ಹೇಳಿದ್ದಳು.

ಊರಿಗೆ ಮರಳಿದವಳು ಸತ್ತ ಬಾಣಂತಿಯರ ಬಟ್ಟೆ ಒಗೆಯುವ ಕೆಲಸಕ್ಕೆ ತಾನೇ ಯಜಮಾನಿಯಾದಳು. ಯಾರೂ ಕರೆದು ಪಟ್ಟ ಕಟ್ಟಲಿಲ್ಲ, ಕೊರಡು ಹಿಡಿದು ಬಂದು ನಿಂತಳು, ಅಷ್ಟೆ. ಹೆಂಗಸರಿಗೆ ಏಳು ತಿಂಗಳು ತುಂಬಿದ್ದೇ ತಡ, ಮೊಟ್ಟೆ ಕೊಡುವ ನೆಪದಲ್ಲಿ ಅವರ ಮನೆಗೆ ಹೋಗಿ ಒಳಗೆ ನೇತುಹಾಕಿದ್ದ ಬಟ್ಟೆಯನ್ನೆಲ್ಲ ಕಣ್ಣಲ್ಲೇ ಗುರುತು ಹಾಕಿಕೊಳ್ಳುತ್ತಿದ್ದಳು. ನನ್ನ ಮನೆಗೂ ಬಂದಳು. ನನಗೆ ಮೈಯೆಲ್ಲ ಉರಿಯಿತು.

“ಏನ್ ಚಿಕ್ಕಮ್ಮ, ನನ್ನ ಈಗ್ಲೇ ಮಣ್ಣು ಮಾಡೋಕೆ ಬಂದ್ಯಾ?” ಎಂದೆ.

“ನೀನು ನನ್ನನ್ನೂ ಮಣ್ಣು ಮಾಡಿ ಬದುಕ್ತೀಯ ಕಣೇ, ನಿನ್ನ ಬಾಯಿಗೆ ಹೆದರಿ ಸಾವೂ ಬರಲ್ಲ. ಆ ಕೆಂಪು ಲಂಗ ಹೊಸದಾ?” ಎಂದಳು.

ಅವಳ ಮಾತು ನಿಜವಾಯಿತು. ನಾಲ್ಕು ಗಂಡು ಹೆತ್ತು ಗಟ್ಟಿಯಾಗಿದ್ದೇನೆ. ಅವಳೂ ಎಪ್ಪತ್ತೊಂಬತ್ತು ವರ್ಷ ಬದುಕಿ, ಚಹಾ ಕುಡಿದು ಮಲಗಿದವಳು ಏಳದೆ, ಸುಖವಾಗಿ ಹೋದಳು. ಆದರೆ ನಾನು ಹೇಳಬೇಕೆಂದಿರುವುದು ಅನಬ್ಲಾ ಸತ್ತ ಜೂನ್ ತಿಂಗಳಿನ ಸಂಗತಿ. ಚಿಕ್ಕಮ್ಮನಿಗೆ ಆಗ ನಲವತ್ತಮೂರು, ನನಗೆ ಇಪ್ಪತ್ತೆಂಟು.

ಅನಬ್ಲಾ ಎಂದರೆ ಲಾಕ್ಲನ್‌ನ ಹೆಂಡತಿ. ಲಾಕ್ಲನ್ ಕಡಲಿನಲ್ಲಿ ಏಡಿ, ಸಿಗಡಿ ಹಿಡಿಯುತ್ತಿದ್ದ ಆಳು. ಬಾಗಿಲಲ್ಲಿ ಬಗ್ಗಿ ಬರಬೇಕಾದಷ್ಟು ಎತ್ತರ, ಮಾತು ಮಾತ್ರ ಮೂರೂವರೆ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಹೆಣ್ಣು ಮಗು ಹುಟ್ಟಿತು, ಸಂಜೆಯೊಳಗೆ ಅನಬ್ಲಾ ಹೋದಳು. ನನ್ನ ಮೂರನೆಯವನಿಗೆ ಆಗ ನಾಲ್ಕು ತಿಂಗಳು, ಹಾಲು ಬೇಕಾದಷ್ಟಿತ್ತು. ನಾನು ಅವರ ಮನೆಗೇ ಹೋಗಿ ಕೂತು ಎರಡಕ್ಕೂ ಹಾಲೂಡಿಸಿದೆ. ಆ ಅಪ್ಪ ಎನ್ನಿಸಿಕೊಂಡವನು ಮಗುವಿನ ಮುಖವನ್ನೂ ನೋಡಲಿಲ್ಲ. ತೋರಿಸಹೋದರೆ ಮುಖ ತಿರುಗಿಸಿ ಹೊರಗೆ ನಡೆದ.

ಮಾರನೆಯ ದಿನ ಬೆಳಿಗ್ಗೆಯೇ ಹೆಂಗಸರು ಹೊಳೆಯ ಪಕ್ಕ ಬೆಂಕಿ ಹಾಕಿ ಹಂಡೆ ಇಟ್ಟರು. ಕಂಬಳಿಗಳನ್ನು ತೊಟ್ಟಿಗೆ ಹಾಕಿ, ಲಂಗ ಎತ್ತಿ ಕಟ್ಟಿ ತುಳಿದರು. ಮಧ್ಯಾಹ್ನಕ್ಕೆ ಕಲ್ಲುಗೋಡೆಯ ಮೇಲೆಲ್ಲ ಅನಬ್ಲಾಳ ಬಟ್ಟೆ ಹರಡಿತ್ತು. ಚಿಕ್ಕಮ್ಮ ಗೋಡೆಯುದ್ದಕ್ಕೂ ಒಮ್ಮೆ ನಡೆದಳು. ಹಿಂದಿರುಗಿ ಮತ್ತೊಮ್ಮೆ ನಡೆದಳು. ಆಮೇಲೆ ಸೀದಾ ಮನೆಗೆ ಬಂದು, ಅಂಗಳದಲ್ಲಿ ಗಂಡಸರ ನಡುವೆ ಕೂತಿದ್ದ ಲಾಕ್ಲನ್‌ನನ್ನು ಕೇಳಿದಳು:

“ಅವಳ ಚೌಕುಳಿ ಶಾಲು ಎಲ್ಲಪ್ಪ?”

“ಯಾವ ಶಾಲು?”

“ಕಂದು ಬಿಳಿ ಚೌಕುಳಿದು. ಚರ್ಚಿಗೆ ಹೊದ್ಕೊಂಡು ಬರ್ತಿದ್ಲಲ್ಲ.”

“ನಾನು ನೋಡಿಲ್ಲ ಅಕ್ಕ.”

ಮಾರನೆಯ ದಿನ ನಡುಹಗಲಿಗೆ ಸಮುದ್ರ ಇಳಿಯುತ್ತಿತ್ತು, ಆಗ ಪೆಟ್ಟಿಗೆ ಹೊತ್ತು ಕಡವು ದಾಟುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಶಾಲು ಸಿಕ್ಕದಿದ್ದರೆ, ನನ್ನ ತೊಡೆಯ ಮೇಲೆ ಮಲಗಿದ್ದ ಈ ಒಂದು ದಿನದ ಕೂಸೂ ಹೊಳೆಯವಳ ಮಗಳೇ. ಶಾಲೆಯ ದಾರಿಯಲ್ಲಿ ಇದಕ್ಕೂ ಅದೇ ಪ್ರಶ್ನೆ ಕಾದಿತ್ತು.

ಹೆಂಗಸರು ಸಂದಿಗೊಂದಿಯನ್ನೆಲ್ಲ ಹುಡುಕಿದರು. ಹಿಟ್ಟಿನ ಪೆಟ್ಟಿಗೆಯನ್ನಂತೂ ಚಿಕ್ಕಮ್ಮ ಒಬ್ಬಳೇ ಎಳೆದು ಹಾಕಿದಳು. ಸಿಕ್ಕಲಿಲ್ಲ. ಇಳಿಹೊತ್ತಿಗೆ ಗಂಡಸರು ಹೆಣದ ಪೆಟ್ಟಿಗೆಗೆ ಮೊಳೆ ಹೊಡೆಯಲು ಕೊಟ್ಟಿಗೆಯ ಕಡೆ ಹೋದರು. ಲಾಕ್ಲನ್ ಒಲೆಯ ಮುಂದೆ ಒಬ್ಬನೇ ಉಳಿದ. ಹಲಗೆಯ ಗೋಡೆಯ ಆಚೆ ಒಳಕೋಣೆಯಲ್ಲಿ ನಾನು ಮಗುವಿಗೆ ಹಾಲೂಡಿಸುತ್ತಿದ್ದೆ. ಚಿಕ್ಕಮ್ಮ ಬಂದು ಅವನ ಪಕ್ಕ ಕೂತದ್ದು ಹಲಗೆಯ ಸಂದಿಯಲ್ಲಿ ಕಂಡಿತು. ಕದ್ದು ಕೇಳಿದೆನೇ ಎಂದರೆ, ಹೌದು, ಕೇಳಿದೆ.

“ಲಾಕ್ಲನ್, ನಿನ್ನ ಅಂಗಿ ಒಳಗಿಂದ ಶಾಲಿನ ಕುಚ್ಚು ಇಣುಕ್ತಿದೆ” ಎಂದಳು, ಮೆಲ್ಲಗೆ.

ಅವನು ಕೈಯಿಂದ ಎದೆ ಮುಚ್ಚಿಕೊಂಡ.

“ಕೊಡಲ್ಲ ಅಕ್ಕ” ಎಂದ. “ಮಿಕ್ಕಿದ್ದೆಲ್ಲ ಒಗೆದು ಹಾಕಿದ್ರಲ್ಲ. ಹಾಸಿಗೆಗೆ ಮೂಗಿಟ್ಟೆ, ಬರೀ ಸೋಪು. ಇದೊಂದ್ರಲ್ಲಿ ಅವಳ ವಾಸ್ನೆ ಇದೆ.”

“ಒಗೀದೆ ಇದ್ರೆ ಏನಾಗುತ್ತೆ ಗೊತ್ತಲ್ವಾ?”

“ಗೊತ್ತು.” ಆಮೇಲೆ ಅವನು ಹೇಳಿದ ಮಾತು ಕೇಳಿ ನಾನು ಮಗುವನ್ನು ಇನ್ನಷ್ಟು ಅವಚಿಕೊಂಡೆ. “ಗೊತ್ತಿದ್ದೇ ಇಟ್ಕೊಂಡಿದೀನಿ. ಹೊಳೆಯವಳಾದ್ರೂ ಆಗ್ಲಿ. ಕಡವಲ್ಲಾದ್ರೂ ಇರ್ತಾಳಲ್ಲ. ದಿನಾ ಬೆಳಿಗ್ಗೆ ಹೋಗ್ತೀನಿ. ಅವಳೇ ನನ್ನ ಮೊದ್ಲು ನೋಡಿದ್ರೆ ಇನ್ನೂ ಒಳ್ಳೇದು.”

ನಾನಾಗಿದ್ದರೆ ಬಾಯಿಗೆ ಬಂದಂತೆ ಬೈದು, ಆ ಶಾಲನ್ನು ಕಿತ್ತುಕೊಂಡು ಬರುತ್ತಿದ್ದೆ. ಹೆತ್ತ ಕೂಸು ಒಳಗಿದೆ, ಇವನಿಗೆ ಸಾಯುವ ಆಸೆ! ಚಿಕ್ಕಮ್ಮನೂ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

“ಅವಳು ಬರಲ್ಲಪ್ಪ” ಎಂದಳು.

“ನಿಮಗೇನು ಗೊತ್ತು?”

“ನಾನು ಹೋಗಿದ್ದೆ. ಮೊದಲನೇ ಸಲ ಹೋದಾಗ ಏಳು ವರ್ಷ. ಕಡವಿನ ಪಕ್ಕ ಚಪ್ಪಟೆ ಕಲ್ಲಿದೆಯಲ್ಲ, ಅದ್ರ ಹಿಂದೆ ಕೂತಿದ್ದೆ. ಮೂರು ಪ್ರಶ್ನೆ ಕೇಳ್ಬೋದಲ್ವಾ? ಎರಡೇ ಹೊಳೀತು ನಂಗೆ. ಚಳಿಗೆ ನಿನ್ನ ಕೈ ಕೊರೀತಿದ್ಯಾ ಅಮ್ಮ ಅಂತ. ನಂದು ತಪ್ಪಾ ಅಂತ.”

ಲಾಕ್ಲನ್ ಅವಳತ್ತ ತಿರುಗಿದ.

“ಬಂದ್ಲಾ?”

“ಇಲ್ಲ. ಅಪ್ಪ ಬಂದ್ರು, ಹೊಡೆದ್ರು, ಅಪ್ಪಿಕೊಂಡು ಅತ್ರು. ಮತ್ತೆ ಹೋದೆ. ದೊಡ್ಡವಳಾದ ಮೇಲೂ ಹೋದೆ. ಹೆರಿಂಗ್ ಕಾಲ ಮುಗಿದು ಊರಿಗೆ ಬಂದಾಗೆಲ್ಲ ಹೋದೆ. ಮೂವತ್ತು ತುಂಬೋ ತನಕ ಹೋದೆ ಲಾಕ್ಲನ್. ಕಾಲಿನ ಬಲ ಹೋದ್ರೂ ಪರವಾಗಿಲ್ಲ, ಒಂದ್ಸಲ ಮುಖ ನೋಡೋಣ ಅಂತ. ಕೊಕ್ಕರೆ ಬರ್ತಿತ್ತು. ಅವಳು ಬರಲಿಲ್ಲ.”

ಇದನ್ನು ಅವಳು ನನ್ನ ಅಮ್ಮನಿಗೂ ಹೇಳಿರಲಿಲ್ಲ. ಊರಿಗೆಲ್ಲ ಹೊಳೆಯವಳ ಭಯ ಹಾಕಿ, ಒಂದು ಕಾಲುಚೀಲ ಬಿಡದಂತೆ ಒಗೆಸಿದವಳ ಬಾಯಲ್ಲಿ ಈ ಮಾತು! ಹಾಲು ಕುಡಿಯುತ್ತಿದ್ದ ಮಗುವಿನ ತಲೆಯ ಮೇಲೆ ನನ್ನ ಕಣ್ಣೀರು ಬೀಳುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

ಲಾಕ್ಲನ್ ಪೆದ್ದನಲ್ಲ. “ಹಾಗಿದ್ಮೇಲೆ ಒಗೆಯೋದು ಯಾಕೆ ಅಕ್ಕ? ಅಲ್ಲಿ ಯಾರೂ ಇಲ್ಲ ಅಂದ್ಮೇಲೆ?” ಎಂದು ಕೇಳಿದ.

“ಯಾರೂ ಇಲ್ಲ ಅಂತ ನಾನೆಲ್ಲಿ ಅಂದೆ? ನಂಗೆ ಸಿಗಲಿಲ್ಲ ಅಂದೆ. ಇದಾಳೋ ಇಲ್ವೋ, ಅದು ದೇವರಿಗೆ ಬಿಟ್ಟಿದ್ದು. ಆದ್ರೆ ಆ ಕಲ್ಲಿನ ಹಿಂದೆ ಒಂದು ಮಗು ಇತ್ತಲ್ಲ, ಅದು ಮಾತ್ರ ನಿಜ. ಬೆಳಗಿನ ಚಳೀಲಿ, ಬರಿಗಾಲಲ್ಲಿ, ಇಪ್ಪತ್ತಮೂರು ವರ್ಷ.” ಅವಳು ಹಲಗೆಯ ಗೋಡೆಯತ್ತ ಕೈ ತೋರಿಸಿದಳು. “ನೀನು ಈ ಶಾಲು ಇಟ್ಕೊಂಡ್ರೆ ಅನಬ್ಲಾ ಕಡವಿಗೆ ಬರ್ತಾಳೋ ಬಿಡ್ತಾಳೋ ಗೊತ್ತಿಲ್ಲ. ನಿನ್ನ ಮಗಳು ಹೋಗೇ ಹೋಗ್ತಾಳೆ. ನಾನಿದ್ದ ಜಾಗಕ್ಕೆ ಇನ್ನೊಬ್ಳನ್ನ ಕೂರಿಸ್ಬೇಡ ಕಣಪ್ಪ. ನಿನ್ನ ದಮ್ಮಯ್ಯ.”

ಮಾರ್ಸಲಿ ಚಿಕ್ಕಮ್ಮ ಯಾರಿಗಾದರೂ ದಮ್ಮಯ್ಯ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಲಾಕ್ಲನ್ ಶಾಲನ್ನು ಹೊರಗೆಳೆದು ಮುಖಕ್ಕೆ ಒತ್ತಿಕೊಂಡ. ಅಷ್ಟು ದೊಡ್ಡ ಆಳು ಹಾಗೆ ಅಳುವುದನ್ನು ಕೇಳಲಾಗದು. ಚಿಕ್ಕಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು, ಕೊಡು ಎಂದು ಕೈ ಮುಂದೆ ಮಾಡಲಿಲ್ಲ.

ಕೊನೆಗೆ ಅವನೇ ಹೇಳಿದ: “ಬೇರೆ ಯಾರೂ ಮುಟ್ಟಬಾರ್ದು. ನಾನೇ ಒಗೀತೀನಿ.”

“ನೀನಾ? ಗಂಡಸು ಬಟ್ಟೆ ಒಗೆದಿದ್ದು ಈ ದ್ವೀಪದಲ್ಲಿ ಯಾರಾದ್ರೂ ಕಂಡಿದಾರಾ?”

“ಕಾಣ್ಲಿ.”

“ಸರಿ. ಬೆಳಿಗ್ಗೆ ಬಾ. ಆದ್ರೆ ನೆಟ್ಟಗೆ ಒಗೀಬೇಕು. ಅರ್ಧಂಬರ್ಧ ಕೆಲಸ ನನ್ಹತ್ರ ನಡೆಯಲ್ಲ” ಎಂದಳು. ಸದ್ಯ, ನಮ್ಮ ಮಾರ್ಸಲಿ ಮರಳಿ ಬಂದಳು.

ಬೆಳಿಗ್ಗೆ ಮಗುವನ್ನು ಸುತ್ತಿಕೊಂಡು ನಾನೂ ಹೋದೆ. ಕಡವಿನ ತುಂಬ ಮಂಜು. ಲಾಕ್ಲನ್ ಚಪ್ಪಟೆ ಕಲ್ಲಿನ ಮುಂದೆ ಮಂಡಿಯೂರಿ ಶಾಲು ಉಜ್ಜುತ್ತಿದ್ದ. ಚಳಿಗೆಂದು ಚಿಕ್ಕಮ್ಮ ತನ್ನ ಹಳೆಯ ಹಸಿರು ಕಂಬಳಿಯನ್ನು ಅವನ ತಲೆಯ ಮೇಲಿಂದ ಹೊದಿಸಿದ್ದಳು. “ಮೆಲ್ಲಗೆ ಹಿಸುಕು, ಹಾಗೆ ತಿಕ್ಕಬೇಡ, ಅದೇನು ದೋಣಿ ತಳವಾ? ಉಣ್ಣೆ ಅದು!” ಎಂದು ಗದರುತ್ತಿದ್ದಳು. ಕೊರಡಿನಿಂದ ಅವನು ಎರಡು ಪೆಟ್ಟು ಹಾಕಿದನೋ ಇಲ್ಲವೋ, ದಡದ ಮೇಲೆ ದೊಪ್ಪನೆ ಏನೋ ಬಿದ್ದ ಸದ್ದಾಯಿತು.

ಅಂಚೆಯ ನೀಲ್. ಕಾಗದದ ಚೀಲ ಹೊತ್ತು ದಡದ ದಾರಿಯಲ್ಲಿ ಬಂದಿದ್ದ. ಮಂಜಿನಲ್ಲಿ ಹಸಿರು ಹೊದ್ದು ಒಗೆಯುವ ಆಕೃತಿ ಕಂಡಿದ್ದೇ ಅವನ ಕಾಲು ಸೋತು, ಮುಖ ಅಡಿಯಾಗಿ ಬಿದ್ದುಬಿಟ್ಟಿದ್ದ. “ತಾಯೀ! ನಂದೇ ಬಟ್ಟೆ ಆಗಿದ್ರೆ ದಯವಿಟ್ಟು ಹೇಳ್ಬೇಡ! ನಮ್ಮತ್ತೇದಾಗಿದ್ರೆ ಹೇಳು!” ಎಂದು ಹುಲ್ಲಿಗೆ ಮುಖವಿಟ್ಟೇ ಅರಚಿದ.

“ಎದ್ದೇಳೋ ನೀಲ, ಊರ ಕಾಗದ ಎಲ್ಲ ಒದ್ದೆ ಆಗ್ತಿದೆ” ಎಂದಳು ಚಿಕ್ಕಮ್ಮ.

ನೀಲ್ ಒಂದು ಕಣ್ಣು ತೆರೆದ. ಹೊಳೆಯವಳು ತಿರುಗಿ ನೋಡಿದಳು. ಅವಳಿಗೆ ಎದೆಯವರೆಗೆ ಕೆಂಪು ಗಡ್ಡವಿತ್ತು. ನೀಲ್‌ನ ಜೀವ ಬಾಯಿಗೆ ಬಂದು ಹಾಗೇ ಮರಳಿ ಹೋದದ್ದು ಅವನ ಮುಖದಲ್ಲಿ ಕಂಡಿತು. ನನಗೆ ನಗು ತಡೆಯಲಾಗಲಿಲ್ಲ. ಹೆಣ ಮನೆಯಲ್ಲಿರುವಾಗ ನಗಬಾರದೆಂದು ಗೊತ್ತು, ಆದರೂ ನಕ್ಕೆ. ಚಿಕ್ಕಮ್ಮನೂ ನಕ್ಕಳು. ಲಾಕ್ಲನ್ ಕೂಡ, ಅಳುತ್ತಲೇ, ಮೂಗು ಒರೆಸಿಕೊಳ್ಳುತ್ತ ನಕ್ಕ.

ನಡುಹಗಲು ನಾಲ್ಕು ಜನ ಪೆಟ್ಟಿಗೆ ಹೊತ್ತು ಕಡವು ದಾಟುವಾಗ ಒದ್ದೆ ಶಾಲು ಚಪ್ಪಟೆ ಕಲ್ಲಿನ ಮೇಲೆ ಹರಡಿತ್ತು. ಒಗೆದದ್ದು ಯಾರೆಂದು ಅಷ್ಟರಲ್ಲಿ ನೀಲ್ ಮನೆಮನೆಗೆ ಕಾಗದದ ಜೊತೆ ಹಂಚಿ ಬಂದಿದ್ದ. ಮೆರವಣಿಗೆಯಲ್ಲಿದ್ದ ಪ್ರತಿಯೊಬ್ಬರೂ ಅದನ್ನು ನೋಡಿಕೊಂಡೇ ದಾಟಿದರು. ಗಂಡಸು ಹೊಳೆಗಿಳಿದು ಒಗೆದ ಎಂದು ಯಾರೂ ಹಂಗಿಸಲಿಲ್ಲ. ಹಂಗಿಸಿದ್ದರೆ ನಾನಿದ್ದೆ.

ಶಾಲು ಒಣಗಿದ ಮೇಲೆ ಅದರಲ್ಲೇ ಮಗುವನ್ನು ಸುತ್ತಿದೆವು. ಅವಳಿಗೂ ಅನಬ್ಲಾ ಎಂದೇ ಹೆಸರಿಟ್ಟರು. ಹಾಲೂಡಿಸಲು ಅವಳನ್ನು ನಾನು ನನ್ನ ಮನೆಗೇ ಕರೆತಂದೆ. ಆರು ವಾರ ಲಾಕ್ಲನ್ ನನ್ನ ಮನೆ ಬಾಗಿಲವರೆಗೆ ಬಂದು, ಮೀನು ಇಟ್ಟು ಹೋಗುತ್ತಿದ್ದ. ಏಳನೇ ವಾರ ಒಳಗೆ ಬಂದ. ಮಗುವನ್ನು ಶಾಲಿನ ಸಮೇತ ಅವನ ತೋಳಿಗೆ ಹಾಕಿದೆ. ಆ ಶಾಲು ನನ್ನ ಹಾಲು, ಮಗುವಿನ ವಾಂತಿ, ಒಲೆಯ ಹೊಗೆ ಎಲ್ಲ ಸೇರಿ ಗಬ್ಬು ನಾರುತ್ತಿತ್ತು. ಅವನು ಅದರಲ್ಲಿ ಮೂಗು ಹುದುಗಿಸಿ ಬಹಳ ಹೊತ್ತು ನಿಂತ. ಆಮೇಲೆ, “ಇವಳನ್ನ ಭಾನುವಾರ ಮನೆಗೆ ಕರ್ಕೊಂಡು ಹೋಗ್ಲಾ?” ಎಂದು ಕೇಳಿದ. ತನ್ನ ಮಗುವನ್ನು ಒಯ್ಯಲು ನನ್ನ ಅಪ್ಪಣೆ ಕೇಳುತ್ತಾನೆ, ಹುಚ್ಚಪ್ಪ.

ಎಂಟು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಚಿಕ್ಕಮ್ಮನೂ ನಾನೂ ಬೆನ್ನ ಮೇಲಿನ ಬುಟ್ಟಿಗಳಲ್ಲಿ ಹೊಲದ ಗೊಬ್ಬರಕ್ಕೆ ಕಡಲಸೊಪ್ಪು ಹೊತ್ತು ದಡದಿಂದ ಬರುತ್ತಿದ್ದೆವು. ಕಡವಿನಲ್ಲಿ ಐದಾರು ಮಕ್ಕಳು ಕಿರುಚಾಡುತ್ತಿದ್ದರು. ಏನಾಟವೆಂದು ತಿಳಿದಾಗ ನನ್ನ ರಕ್ತ ಕುದಿಯಿತು. ಹೊಳೆಯವಳ ಆಟ. ಒಬ್ಬಳು ನೀರಲ್ಲಿ ಕೂತು ಚಿಂದಿ ಒಗೆಯಬೇಕು, ಉಳಿದವರು ಹಿಂದಿನಿಂದ ಬಂದು ಅವಳಿಗೂ ನೀರಿಗೂ ನಡುವೆ ನುಗ್ಗಬೇಕು. ಹೊಳೆಯವಳಾಗಿ ಕೂತಿದ್ದವಳು ನಮ್ಮ ಅನಬ್ಲಾ.

ಒಂದೊಂದರ ಕಿವಿ ಹಿಂಡುತ್ತೇನೆಂದು ನಾನು ನುಗ್ಗಿದೆ. ಚಿಕ್ಕಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

ಇನ್ನೊಬ್ಬ ಹುಡುಗಿ ಚಿಂದಿಗೆ ಕೈ ಹಾಕಿದಳು. ಅನಬ್ಲಾ ಅದನ್ನು ಕಿತ್ತುಕೊಂಡು, “ಹೋಗೇ! ನಿನ್ನೆ ನೀನೇ ಹೊಳೆಯವಳಾಗಿದ್ದೆ. ಇವತ್ತು ನನ್ ಸರದಿ!” ಎಂದು ಅರಚಿದಳು. ಕೊಡಲೇ ಇಲ್ಲ! ನಗುತ್ತ ಅವಳ ಮುಖಕ್ಕೆ ನೀರು ಎರಚಿ, ಮತ್ತೆ ಕೂತು ಚಿಂದಿ ಬಡಿಯತೊಡಗಿದಳು.

“ನೋಡೇ ಕಿರ್ಸ್ಟಿ” ಎಂದಳು ಚಿಕ್ಕಮ್ಮ. “ಆಟ ಕಣೇ. ಅವಳಿಗೆ ಅದು ಬರೀ ಆಟ.”

ನಾವಿಬ್ಬರೂ ಬುಟ್ಟಿ ಹೊತ್ತುಕೊಂಡೇ ಅತ್ತೆವು. ಆಮೇಲೆ ಅವಳು ಬುಟ್ಟಿಯನ್ನು ಕೆಳಗಿಟ್ಟು, ತೋಳಿನಿಂದ ಮುಖ ಒರೆಸಿ, ಲಂಗ ಎತ್ತಿ ಸಿಕ್ಕಿಸಿಕೊಂಡು, “ಏ ಅನಬ್ಲಾ, ಹಾಗೇನೇ ಹಿಂಡೋದು? ಕೊಡಿಲ್ಲಿ, ತೋರಿಸ್ತೀನಿ” ಎನ್ನುತ್ತ ಮಕ್ಕಳ ನಡುವೆ ನೀರಿಗಿಳಿದಳು.